ಅಡ್ಡ ಕೂತ ಸೈನಿಕರು

ಈ ಊರಿನ ಅರ್ಧ ಜನ ಲೋಕವನ್ನು ನೋಡುತ್ತಿರುವುದೇ ನನ್ನ ದಯೆಯಿಂದ! ಕೊಚ್ಚಿಕೊಳ್ಳುತ್ತಿದ್ದಾನೆ ಅಂತ ನಗಬೇಡಿ. ನನ್ನದು ಕನ್ನಡಕದ ಅಂಗಡಿ. ಗೋಡೆಯ ಮೇಲಿನ ದಪ್ಪಕ್ಷರದಿಂದ ಹಿಡಿದು ತಳದ ಸಾಲಿನ ಸಾಸಿವೆ ಕಾಳಿನಂಥ ಅಕ್ಷರದ ತನಕ ಜನರನ್ನು ಕೈಹಿಡಿದು ಇಳಿಸುವವನು ನಾನು. "ಇದು ಚೆನ್ನಾಗಿ ಕಾಣುತ್ತಾ? ಈಗ? ಮೊದಲಿನದು ವಾಸೀನಾ, ಇದು ವಾಸೀನಾ?" ಅಂತ ದಿನವಿಡೀ ಕೇಳುತ್ತಿರುತ್ತೇನೆ. ಇಂಥ ನಾನು ಒಂದು ಭಾನುವಾರ ಬೆಳಗ್ಗೆ ನಮ್ಮ ಟೆರೇಸಿನ ಮೇಲೆ ನಿಂತು, ಹೆಂಡತಿಯ ಎದುರು ಎದೆ ತಟ್ಟಿಕೊಂಡು ಘೋಷಿಸಿಬಿಟ್ಟೆ.

"ಇನ್ನು ಮೇಲೆ ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ಹುಳ ನಿನ್ನ ಗಿಡ ಮುಟ್ಟಲಿ ನೋಡೋಣ!"

"ನಿಮ್ಮ ಕಣ್ಣು ತಪ್ಪಿಸೋದು ಹುಳಕ್ಕೆ ಅಷ್ಟು ಕಷ್ಟಾನಾ?" ಎಂದಳು ಹೆಂಡತಿ. ಅವಳು ಹೇಳಿದ್ದು ಮೆಲ್ಲಗೆ. ಆದರೂ ನನಗೆ ಚುಚ್ಚಿತು.

ಗುಟ್ಟು ಹೇಳಿಬಿಡುತ್ತೇನೆ. ನನಗೆ ಚಾಳೀಸು ಬಂದು ಬಹಳ ದಿನವಾಗಿದೆ. ಹತ್ತಿರದ್ದೆಲ್ಲ ಮಂಜು. ಆದರೆ ಅಂಗಡಿಯ ಯಜಮಾನನೇ ಮೂಗಿನ ಮೇಲೆ ಕನ್ನಡಕ ಏರಿಸಿ ಕೂತರೆ ಬಂದ ಗಿರಾಕಿ ಏನಂದುಕೊಂಡಾನು? ಹೀಗಾಗಿ ನಾನು ಕನ್ನಡಕ ಹಾಕುವುದಿಲ್ಲ. ಪತ್ರಿಕೆಯನ್ನು ತೋಳು ಚಾಚಿ ಓದುತ್ತೇನೆ. ತೋಳು ಸಾಲದಿದ್ದರೆ ಹೆಂಡತಿಯ ಕೈಗೆ ಕೊಟ್ಟು "ನೀನೇ ಓದು, ನಿನ್ನ ಧ್ವನಿ ಚೆನ್ನಾಗಿದೆ" ಅನ್ನುತ್ತೇನೆ.

ಈ ಘೋಷಣೆಗೆಲ್ಲ ಕಾರಣ ಒಂದು ಡೇಲಿಯಾ ಗಿಡ. ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಜನರ ನೋವು, ನರಳಾಟ, "ಡಾಕ್ಟರು ಇದ್ದಾರೋ ಸತ್ರೋ" ಎಂಬ ಕೂಗಾಟ, ಎಲ್ಲವನ್ನೂ ಕೇಳಿಸಿಕೊಂಡು ಮನೆಗೆ ಬಂದರೆ ಇಲ್ಲಿ ನಾನು! ಅವಳ ಪಾಲಿಗೆ ಏನೂ ಮಾತಾಡದೆ, ದೂರು ಹೇಳದೆ ನಿಂತಿರುವ ಜೀವ ಅದೊಂದು ಗಿಡವೇ. ತಿಂಗಳುಗಟ್ಟಲೆ ಅದಕ್ಕೆ ನೀರು ಹಾಕಿ, ಕೋಲು ಕಟ್ಟಿ, ಬೇಡದ ಮೊಗ್ಗೆಲ್ಲ ಚಿವುಟಿ, ಒಂದೇ ಒಂದು ದೊಡ್ಡ ಹಳದಿ ಮೊಗ್ಗು ಉಳಿಸಿಕೊಂಡಿದ್ದಳು. ಮುಂದಿನ ಭಾನುವಾರ ಊರಿನ ಪುಷ್ಪ ಪ್ರದರ್ಶನ. ಅಲ್ಲಿ ಪ್ರತಿ ಸಲವೂ ಮೊದಲ ಬಹುಮಾನ ಪಕ್ಕದ ಮನೆಯ ಹಲ್ಲು ಡಾಕ್ಟರಿಗೆ. ನನ್ನ ಹೆಂಡತಿಗೆ "ಭಾಗವಹಿಸಿದ್ದಕ್ಕೆ ಧನ್ಯವಾದ". ನಮ್ಮ ಟೆರೇಸಿಗೂ ಅವರ ಟೆರೇಸಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲಿಂದ ಡಾಕ್ಟರು ದಿನಾ ಬೆಳಗ್ಗೆ ತಮ್ಮ ಅಷ್ಟೂ ಹಲ್ಲು ತೋರಿಸಿ, "ಏನ್ ಮೇಡಂ, ಈ ಸಲವೂ ಬರ್ತೀರಿ ತಾನೇ?" ಅಂತ ಕೇಳುತ್ತಿದ್ದರು. ಆ 'ಈ ಸಲವೂ' ಕೇಳಿದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು. ನನಗೆ ಅದು ಸಹಿಸಲು ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಗಿಡಕ್ಕೆ ಗಿಡಹೇನು ಹತ್ತಿತು. ಕಾಂಡದ ತುಂಬ ಹಸಿರು ನುಚ್ಚು ಮೆತ್ತಿದ ಹಾಗೆ. ಅದರ ಬೆನ್ನಿಗೇ ಕೆಂಪು ಕೆಂಪು ಹುಳಗಳು ಬಂದು ಕೂತವು. ಹೆಂಡತಿ ಔಷಧಿಯ ಬಾಟಲಿ ಹಿಡಿದುಕೊಂಡು ಬಂದಳು.

"ಎಲ್ಲಾದಕ್ಕೂ ಸೇರಿಸಿ ಹೊಡೆದುಬಿಡ್ತೀನಿ."

"ನಿಲ್ಲು!" ಎಂದು ನಾನು ನಡುವೆ ಜಿಗಿದೆ. "ಶತ್ರು ಯಾರು, ಮಿತ್ರ ಯಾರು ಅಂತ ನೋಡದೆ ಗುಂಡು ಹಾರಿಸ್ತಾರೇನೇ? ಮೊದಲು ಗುರುತು ಹಿಡೀಬೇಕು."

"ಯಾರು ಹಿಡಿಯೋರು?"

ಆಗಲೇ ನಾನು ಎದೆ ತಟ್ಟಿಕೊಂಡದ್ದು!

ವಾಚನಾಲಯಕ್ಕೆ ಹೋಗಿ ಕೀಟಗಳ ಮೇಲೊಂದು ದಪ್ಪ ಪುಸ್ತಕ ಹೊತ್ತು ತಂದೆ. ಓದಿದ ಮೊದಲ ಪುಟದಲ್ಲೇ ಎದೆಯುಬ್ಬಿತು. ಅದರಲ್ಲಿ 'ಸೈನಿಕ ಜೀರುಂಡೆ' ಅಂತ ಒಬ್ಬ ಮಹಾಶಯ ಇದ್ದಾನೆ. ಹಳೇ ಕಾಲದ ಸಿಪಾಯಿಗಳ ಕೆಂಪು ಅಂಗಿಯ ಬಣ್ಣವಂತೆ, ಅದಕ್ಕೇ ಆ ಹೆಸರು. ಮೈ ಉದ್ದ, ಅಗಲ ಕಡಿಮೆ. ಮೀಸೆ ದಾರದಂತೆ ನೀಳ. ಬೇರೆ ಜೀರುಂಡೆಗಳಿಗೆ ಬೆನ್ನ ಮೇಲೆ ಗಟ್ಟಿ ಚಿಪ್ಪಿದ್ದರೆ ಇವನದು ಮೆತ್ತನೆ ಚರ್ಮದಂಥ ರೆಕ್ಕೆ. ಸೈನಿಕ ಅಂತ ಹೆಸರಿಟ್ಟುಕೊಂಡು ಮೈಮೇಲೆ ಕವಚವೇ ಇಲ್ಲ! ಮರಿಯಾಗಿದ್ದಾಗ ಮಣ್ಣಿನಲ್ಲಿ ಮಖಮಲ್ಲಿನಂಥ ಮೈ ಹೊತ್ತು ಓಡಾಡಿ ಬಸವನಹುಳಗಳನ್ನು ಬೇಟೆಯಾಡುತ್ತಾನೆ. ಬೆಳೆದ ಮೇಲೆ ಹೂವಿನ ಮೇಲೆ ಕೂತು ಗಿಡಹೇನು ತಿಂದು, ಬಾಯಿ ಸಿಹಿ ಮಾಡಿಕೊಳ್ಳಲು ಮಕರಂದ ಕುಡಿಯುತ್ತಾನೆ. ಗಿಡಕ್ಕೆ ಎಳ್ಳಷ್ಟೂ ಹಾನಿ ಮಾಡುವುದಿಲ್ಲ.

"ಕೇಳಿದ್ಯಾ?" ಎಂದೆ. "ನಿನ್ನ ಗಿಡಕ್ಕೆ ಸೈನ್ಯವೇ ಬಂದಿದೆ! ನೀನು ಅದಕ್ಕೆ ವಿಷ ಹಾಕೋಕೆ ಹೊರಟಿದ್ದೆ."

ಅಲ್ಲಿಗೆ ಪುಸ್ತಕ ಮುಚ್ಚಿಟ್ಟಿದ್ದರೆ ಇವತ್ತು ನಾನು ಗೌರವಸ್ಥನಾಗಿ ಉಳಿಯುತ್ತಿದ್ದೆ. ಆದರೆ ಪುಟ ತಿರುಗಿಸಿದೆ. ಆ ಪುಟ ಶುರುವಾಗಿದ್ದೇ 'ಆದರೆ' ಎಂಬ ಪದದಿಂದ. ಆದರೆ, ಇವನನ್ನೇ ಹೋಲುವ ಇನ್ನೊಬ್ಬನಿದ್ದಾನೆ, ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಆದರೆ, ಮಿಂಚುಹುಳವೂ ಹಗಲಿನಲ್ಲಿ ಹೀಗೇ ಕಾಣುತ್ತದೆ, ಇಬ್ಬರೂ ಹತ್ತಿರದ ನೆಂಟರು. ಆದರೆ, ಇದೇ ಕೆಂಪು ಬಣ್ಣದ, ಗುಂಡು ಮೈಯ ಇನ್ನೊಂದು ಜೀರುಂಡೆ ಇದೆ, ಅದು ಎಲೆ ಮತ್ತು ಹೂವಿನ ದಳಗಳನ್ನು ತಿಂದು ಜರಡಿ ಮಾಡುತ್ತದೆ. ಓದುತ್ತ ಓದುತ್ತ ತಲೆ ಚಿಟ್ಟು ಹಿಡಿಯಿತು. ಒಂದೇ ಬಣ್ಣದ ಅಂಗಿ ಹಾಕಿಕೊಂಡು ಕಾವಲುಗಾರ, ಕಳ್ಳ, ವಿಷಗಾರ, ನೆಂಟ, ಎಲ್ಲರೂ ಒಂದೇ ಮನೆಯಲ್ಲಿ ಕೂತರೆ ನಾನು ಯಾರಿಗೆ ನಮಸ್ಕಾರ ಹಾಕಲಿ, ಯಾರನ್ನು ಒದ್ದೋಡಿಸಲಿ?

ಅದೇ ಗೊಂದಲದಲ್ಲಿ ಒಂದು ಹುಳವನ್ನು ಬೆರಳ ಮೇಲೆ ಹತ್ತಿಸಿಕೊಂಡೆ. ಅದು ಪಕ್ಕೆಯಿಂದ ಬಿಳಿ ಹನಿಯೊಂದನ್ನು ಒಸರಿಸಿ ಹಾರಿಹೋಯಿತು. ಬೆರಳು ನೋಡಿಕೊಳ್ಳುತ್ತೇನೆ, ಬೊಕ್ಕೆ!

"ಸತ್ತೆ ಕಣೇ!" ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿ ಕೈಯನ್ನು ಹಾಗೇ ನೀರಿನ ಪಾತ್ರೆಯಲ್ಲಿ ಅದ್ದಿದೆ. "ಬೊಕ್ಕೆ ಹುಳ! ವಿಷ ಏರ್ತಾ ಇದೆ! ಆಸ್ಪತ್ರೆಗೆ ಫೋನ್ ಮಾಡು!"

"ಆಸ್ಪತ್ರೆಯಲ್ಲಿ ಫೋನ್ ಎತ್ತೋಳೇ ಮನೇಲಿದ್ದಾಳಲ್ಲ," ಎಂದು ಹೆಂಡತಿ ನನ್ನ ಬೆರಳು ಹಿಡಿದು ನೋಡಿದಳು. "ರೀ, ನಿನ್ನೆ ಅಂಗಡಿಯಲ್ಲಿ ಫ್ರೇಮ್ ಬಗ್ಗಿಸೋ ಬಿಸಿ ಮರಳಲ್ಲಿ ಬೆರಳು ಸುಟ್ಕೊಂಡೆ ಅಂತ ಸಂಜೆ ಪೂರ್ತಿ ಊದ್ಕೊಂಡು ಕೂತಿದ್ರಲ್ಲ, ಅದೇ ಬೆರಳು ಇದು."

ಹೌದು, ಅದೇ ಬೆರಳು. ಆದರೂ ನನ್ನೊಳಗೆ ಹೊಕ್ಕ ಭಯ ಹೊರಗೆ ಬರಲಿಲ್ಲ. ಮುಟ್ಟಿ ನೋಡಿದರೆ ಮೆತ್ತಗೋ ಗಟ್ಟಿಯೋ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಆದರೆ ಇನ್ನು ಮುಟ್ಟುವ ಮಾತೇ ಇಲ್ಲ, ಏನಿದ್ದರೂ ನೋಡಿಯೇ ಗುರುತು ಹಿಡಿಯುವುದು ಎಂದು ತೀರ್ಮಾನಿಸಿದೆ. ನನ್ನ ಸರ್ವನಾಶದ ಮೊದಲ ಮೆಟ್ಟಿಲು ಅದು.

ಮುಂದಿನ ಅನುಮಾನ ಮಿಂಚುಹುಳದ್ದು. ಬೆಳಕು ಬಂದರೆ ಮಿಂಚುಹುಳ, ಬರದಿದ್ದರೆ ಸೈನಿಕ. ಎಷ್ಟು ಸರಳ! ಒಂದು ಹುಳವನ್ನು ಗಾಜಿನ ಲೋಟದಲ್ಲಿ ಮುಚ್ಚಿಕೊಂಡು ಕತ್ತಲೆ ಹುಡುಕಿದೆ. ಮಧ್ಯಾಹ್ನದ ಬಿಸಿಲು. ಮನೆಯಲ್ಲಿ ಕತ್ತಲಿದ್ದದ್ದು ಒಂದೇ ಕಡೆ, ನಮ್ಮ ಜೊತೆಗೇ ಇರುವ ಅತ್ತೆಯವರ ಬಟ್ಟೆ ಬೀರುವಿನೊಳಗೆ. ಬಟ್ಟೆಗಳ ನಡುವೆ ಮಂಡಿ ಮಡಿಸಿ ಕೂತು, ಬಾಗಿಲು ಎಳೆದುಕೊಂಡು, ಲೋಟದತ್ತ ದಿಟ್ಟಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಶಾಲು ತೆಗೆದುಕೊಳ್ಳಲು ಬಾಗಿಲು ತೆರೆದರು. ಅವರು ಕಿರುಚಿದ್ದಕ್ಕೆ ನಾನೂ ಕಿರುಚಿದೆ.

"ಅಳಿಯಂದಿರೇ! ಇಲ್ಲೇನು ಮಾಡ್ತಿದ್ದೀರಿ?"

"ಏನಿಲ್ಲ ಅತ್ತೆ... ಬೆಳಕು ಬರುತ್ತೇನೋ ಅಂತ ಕಾಯ್ತಾ ಇದ್ದೆ."

"ನನ್ನ ಮಗಳನ್ನ ಕೊಟ್ಟ ದಿವಸದಿಂದ ನಾನೂ ಅದನ್ನೇ ಕಾಯ್ತಾ ಇದ್ದೀನಿ," ಎಂದು ಶಾಲು ಎಳೆದುಕೊಂಡು ಹೊರಟುಹೋದರು. ಗಲಾಟೆಯಲ್ಲಿ ಲೋಟ ಮಗುಚಿ ಹುಳವೂ ಅವರ ಶಾಲಿನ ಜೊತೆ ಹೊರಟುಹೋಯಿತು. ಬೆಳಕು ಬಂತೋ ಇಲ್ಲವೋ ದೇವರಿಗೇ ಗೊತ್ತು.

ಉಳಿದದ್ದು ಒಂದೇ ಪರೀಕ್ಷೆ, ಆಕಾರದ್ದು. ಉದ್ದಕ್ಕಿದ್ದರೆ ಸೈನಿಕ, ಗುಂಡಗಿದ್ದರೆ ದಳ ತಿನ್ನುವ ಕಳ್ಳ. ಆದರೆ ನನ್ನ ಬರಿಗಣ್ಣಿಗೆ ಎಲ್ಲವೂ ಕೆಂಪು ಚುಕ್ಕೆ. ಆಗ ನನಗೊಂದು ಮಹಾ ಯೋಚನೆ ಹೊಳೆಯಿತು. ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಏರಿಸುತ್ತೇನಲ್ಲ, ಒಂದರ ಹಿಂದೊಂದು ಗಾಜು ತುರುಕಲು ಕಚ್ಚುಗಳಿರುವ ಆ ದುಂಡನೆಯ ಪರೀಕ್ಷೆಯ ಫ್ರೇಮು, ಅದನ್ನೇ ಮನೆಗೆ ತಂದರೆ? ಜಗತ್ತಿನಲ್ಲಿ ಯಾವ ಕೀಟಶಾಸ್ತ್ರಜ್ಞನಿಗೆ ಈ ಭಾಗ್ಯ ಇದೆ? ಮರುದಿನವೇ ತಂದೆ. ಮುಂದಿನ ಕಚ್ಚಿಗೆ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದಪ್ಪ ಗಾಜು ಹಾಕಿದೆ. ಹಿಂದಿನ ಕಚ್ಚಿನಲ್ಲಿ ಏನಾದರೂ ಉಳಿದಿದೆಯಾ ಅಂತ ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಫ್ರೇಮು ಏರಿಸಿ ಗಿಡದ ಮುಂದೆ ಬಗ್ಗಿದೆ. ಆಹಾ! ಚುಕ್ಕೆಗಳೆಲ್ಲ ಹುಳಗಳಾದವು. ಕಾಂಡದ ಮೇಲೆ ಕೆಳಗಿಂದ ಮೇಲಕ್ಕೆ ಹತ್ತುತ್ತಿದ್ದವು ಉದ್ದಕ್ಕೆ, ನೀಳವಾಗಿ, ಥೇಟ್ ಸೈನಿಕರು! ಎಲೆಯ ಮೇಲೆ, ಮೊಗ್ಗಿನ ಮೇಲೆ ಅಡ್ಡ ಕೂತಿದ್ದವು ಗುಂಡಗೆ, ದಪ್ಪಗೆ, ತಿಂದು ಕೊಬ್ಬಿದ ಕಳ್ಳರು!

"ಸಿಕ್ಕಿಬಿದ್ರು!" ಎಂದು ಕೂಗಿದೆ. "ನೋಡೇ, ಸೈನಿಕರು ಶಿಸ್ತಾಗಿ ಮೇಲೆ ಹತ್ತುತ್ತಿದ್ದಾರೆ. ಕಳ್ಳರು ಅಡ್ಡಾದಿಡ್ಡಿ ಬಿದ್ದುಕೊಂಡಿದ್ದಾರೆ. ನಡತೆಯಲ್ಲೇ ಗೊತ್ತಾಗುತ್ತೆ."

ಒಮ್ಮೊಮ್ಮೆ ಗೊಂದಲವಾಗುತ್ತಿತ್ತು, ಸುಳ್ಳೇಕೆ. ಒಬ್ಬ ಸೈನಿಕ ಕಾಂಡ ಹತ್ತಿ, ಎಲೆಗೆ ತಿರುಗಿದ ತಕ್ಷಣ ನನ್ನ ಕಣ್ಣೆದುರೇ ಕಳ್ಳನಾಗಿಬಿಟ್ಟ. ಇನ್ನೊಬ್ಬ ಕಳ್ಳ ಎಲೆ ಬಿಟ್ಟು ಕಾಂಡಕ್ಕೆ ಇಳಿದವನೇ ಸೈನಿಕನಾದ. ನಾನು ಕಕ್ಕಾಬಿಕ್ಕಿಯಾದೆ. ಮತ್ತೆ ಪುಸ್ತಕ ತೆರೆದೆ. ಹುಳಗಳು ಹೀಗೆ ಗಳಿಗೆಗೊಂದು ರೂಪ ತಾಳುತ್ತವೆ ಅಂತ ಅಲ್ಲೆಲ್ಲೂ ಇರಲಿಲ್ಲ. ಪುಸ್ತಕ ಬರೆದವನಿಗೆ ಇದು ಗೊತ್ತಿಲ್ಲ, ನಾನೇ ಹೊಸದಾಗಿ ಕಂಡುಹಿಡಿದೆ ಅಂದುಕೊಂಡೆ!

ಅತ್ತೆ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಅಳಿಯಂದಿರೇ, ನೀವು ಹುಳ ನೋಡ್ತಿದ್ದೀರೋ, ಹುಳಕ್ಕೆ ನಿಮ್ಮನ್ನ ತೋರಿಸ್ತಿದ್ದೀರೋ?" ಎಂದರು. ನಾನು ಗಾಜು ಒರೆಸಿಕೊಂಡು ಮತ್ತೆ ಬಗ್ಗಿದೆ.

ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಕಾರ್ಯಾಚರಣೆ ಶುರು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗವಸು, ಒಂದು ಕೈಯಲ್ಲಿ ಗಾಜು ಒರೆಸುವ ಮೆತ್ತನೆ ಬ್ರಷ್ಷು, ಇನ್ನೊಂದರಲ್ಲಿ ಅಂಗಡಿಯ ಕನ್ನಡಕದ ಡಬ್ಬಿ. ಅಡ್ಡ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಡಬ್ಬಿಗೆ ಗುಡಿಸಿದೆ. ಉದ್ದಕ್ಕೆ ಹತ್ತುತ್ತಿದ್ದವರಿಗೆ ಸಲಾಂ ಹೊಡೆದು ಬಿಟ್ಟೆ. ಡಬ್ಬಿ ತುಂಬಿತು. ಈಗ ಇವರನ್ನು ಎಲ್ಲಿ ಬಿಡುವುದು? ಕೊಲ್ಲಲು ಮನಸ್ಸು ಬರಲಿಲ್ಲ. ರಸ್ತೆಗೆ ಸುರಿದರೆ ವಾಪಸ್ಸು ಬಂದಾವು. ಹೀಗೆ ಯೋಚಿಸುತ್ತಿದ್ದಾಗ ಕಣ್ಣು ಗೋಡೆಯಾಚೆ ಹೋಯಿತು. ಅಲ್ಲಿ ಹಲ್ಲು ಡಾಕ್ಟರ ಡೇಲಿಯಾ. ನಮ್ಮದಕ್ಕಿಂತ ಹೆಚ್ಚು ಗಿಡಹೇನು ಹತ್ತಿ ಸೊರಗಿ ನಿಂತಿತ್ತು. ಆ 'ಈ ಸಲವೂ' ಕಿವಿಯಲ್ಲಿ ಗುಂಯ್‌ಗುಟ್ಟಿತು.

ಇಲ್ಲಿ ನನ್ನ ಬಗ್ಗೆ ಕೆಟ್ಟದಾಗಿ ಯೋಚಿಸಬೇಕಾದವರು ಯೋಚಿಸಬಹುದು. ನಾನು ಕುರ್ಚಿ ಹತ್ತಿ, ಗೋಡೆಯ ಮೇಲೆ ಬಗ್ಗಿ, ಕಳ್ಳರ ಪಡೆಯನ್ನು ಅವರ ಗಿಡದ ಮೇಲೆ ಸುರಿದುಬಿಟ್ಟೆ. ಸುರಿಯುವ ಭರದಲ್ಲಿ ಗವಸು ಜಾರಿ ಡಬ್ಬಿಯೂ ಆಚೆ ಬಿತ್ತು. ಡಬ್ಬಿಯ ಮೇಲೆ ನನ್ನ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು, ಎಲ್ಲ ಬಂಗಾರದ ಬಣ್ಣದಲ್ಲಿ ಮಿಂಚುತ್ತಿತ್ತು. ಊರಿನ ಅರ್ಧ ಜನರ ಹತ್ತಿರ ಇಂಥ ಡಬ್ಬಿ ಇದೆ, ಯಾರದ್ದೋ ಅಂದುಕೊಳ್ಳುತ್ತಾರೆ ಬಿಡು ಅಂತ ಸಮಾಧಾನ ಮಾಡಿಕೊಂಡು ಕೆಳಗಿಳಿದೆ.

ಸಂಜೆ ಹೆಂಡತಿ ಕೇಳಿದಳು. "ಹುಳ ಕಮ್ಮಿ ಆಗಿದೆಯಲ್ಲ, ಎಲ್ಲಿಗೆ ಬಿಟ್ರಿ?"

"ಗಡೀಪಾರು ಮಾಡಿದೆ. ಇನ್ನು ನಿನ್ನ ಮೊಗ್ಗಿಗೆ ಸೈನ್ಯದ ಕಾವಲು. ನಿಶ್ಚಿಂತೆಯಾಗಿ ಮಲಗು."

ಅವಳು ನನ್ನ ಕಡೆ ನೋಡಿ ನಕ್ಕಳು. ಬಹಳ ದಿನದ ಮೇಲೆ ಆ ಥರ ನಕ್ಕಿದ್ದು. ಆ ನಗುವಿಗಾಗಿ ನಾನು ಇನ್ನೂ ನಾಲ್ಕು ಗೋಡೆ ಹತ್ತಲು ತಯಾರಿದ್ದೆ.

ವಾರದ ಕೊನೆಗೆ ಮೊಗ್ಗು ಅರಳಿತು. ಏನು ಹೂವು ಅಂತೀರಿ! ಊಟದ ತಟ್ಟೆಯಷ್ಟು ದೊಡ್ಡದು. ಶನಿವಾರ ಬೆಳಗ್ಗೆ ಅಂಗಡಿಗೆ ಹೊರಟಾಗ ನನ್ನ ಸೈನಿಕರು ಆ ಹೂವಿನ ಕಡೆಗೆ ಶಿಸ್ತಿನಿಂದ ಹತ್ತುತ್ತಿದ್ದರು. ಸಲಾಂ ಹೊಡೆದು, ಪರೀಕ್ಷೆಯ ಫ್ರೇಮು ಜೇಬಿಗೆ ಹಾಕಿಕೊಂಡು ಹೊರಟೆ. ಅಂದು ಅಂಗಡಿಗೆ ಬೇಕರಿಯ ಯಜಮಾನರು ಬಂದರು. ಹಿಂದಿನ ವಾರ ಅರ್ಧ ಪರೀಕ್ಷೆ ಮಾಡಿಸಿಕೊಂಡು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಅಂತ ಎದ್ದು ಓಡಿದವರು. ಒಳ್ಳೇ ಮೈಕಟ್ಟಿನ ಮನುಷ್ಯ. ಹುಳ ನೋಡಲು ಹಾಕಿದ್ದ ದಪ್ಪ ಗಾಜು ತೆಗೆದು ಫ್ರೇಮನ್ನು ಅವರ ಮೂಗಿಗೆ ಏರಿಸಿದೆ. ಅವರು ಎದುರಿನ ಕನ್ನಡಿ ನೋಡಿಕೊಂಡು ಹೌಹಾರಿದರು.

"ಅಯ್ಯೋ! ಸ್ವಾಮಿ, ಇದೇನು ನಾನು ತೆಳ್ಳಗಾಗಿದ್ದೀನಿ! ಎತ್ತರಾನೂ ಆಗಿದ್ದೀನಿ!"

"ಹಾಗೇನಿಲ್ಲ..."

"ಇದೇ ಗಾಜು ಕೊಡಿ! ನನ್ನ ಹೆಂಡ್ತಿಗೂ ಒಂದು ಕೊಡಿ, ನನ್ನ ನೋಡೋಕೆ!" ಎಂದು ಸಂಭ್ರಮದಿಂದ ತಲೆಯನ್ನು ಭುಜದ ಮೇಲೆ ಅಡ್ಡ ಹಾಕಿ ನೋಡಿಕೊಂಡರು. ಮುಖ ಪೆಚ್ಚಾಯಿತು. "ಅರೆ, ಈಗ ಮೊದಲಿಗಿಂತ ದಪ್ಪ ಕಾಣ್ತಿದ್ದೀನಲ್ಲ!"

ಫ್ರೇಮು ಕಿತ್ತುಕೊಂಡು ಹಿಂದಿನ ಕಚ್ಚು ನೋಡಿದೆ. ಅಲ್ಲಿ ಹಿಂದಿನ ವಾರ ಅವರಿಗೇ ಅಂತ ಹಾಕಿದ್ದ ಸಿಲಿಂಡರ್ ಗಾಜು ಹಾಗೇ ಕೂತಿತ್ತು! ಒಂದೇ ದಿಕ್ಕಿಗೆ ಹಿಗ್ಗಿಸಿ ತೋರಿಸುವ ಗಾಜು. ಅದರೊಳಗಿಂದ ನೋಡಿದರೆ ನೆಟ್ಟಗೆ ನಿಂತದ್ದು ಉದ್ದವಾಗುತ್ತದೆ, ಅಡ್ಡ ಮಲಗಿದ್ದು ದಪ್ಪವಾಗುತ್ತದೆ. ಅಂದರೆ? ನಾನು ಹುಳಗಳನ್ನು ಜಾತಿ ನೋಡಿ ವಿಂಗಡಿಸಿರಲಿಲ್ಲ. ಯಾವ ಕಡೆಗೆ ಮುಖ ಮಾಡಿದ್ದವು ಅಂತ ನೋಡಿ ವಿಂಗಡಿಸಿದ್ದೆ! ಪಾಪ, ಎಲೆಯ ಮೇಲೆ ಆರಾಮಾಗಿ ಅಡ್ಡ ಕೂತು ಗಿಡಹೇನು ತಿನ್ನುತ್ತಿದ್ದವರು ನಿಜವಾದ ಸೈನಿಕರು. ಮೊಗ್ಗು ಎಲ್ಲಿದೆ ಅಂತ ಮೂಸುತ್ತ ಕಾಂಡ ಹತ್ತುತ್ತಿದ್ದವರು ಕಳ್ಳರು. ನಾನು ಕಾವಲುಗಾರರನ್ನು ಗಡೀಪಾರು ಮಾಡಿ ಕಳ್ಳರಿಗೆ ಸಲಾಂ ಹೊಡೆದಿದ್ದೆ.

"ನನ್ನ ಕನ್ನಡಕ?" ಎಂದು ಬೇಕರಿಯವರು ಕೂಗುತ್ತಿದ್ದಂತೆ ಅಂಗಡಿಯನ್ನು ಅವರಿಗೇ ಬಿಟ್ಟು ಮನೆಗೆ ಓಡಿದೆ.

ಟೆರೇಸಿಗೆ ಹೋದಾಗ ಪ್ರದರ್ಶನಕ್ಕೆಂದು ರಜೆ ಹಾಕಿದ್ದ ಹೆಂಡತಿ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹೂವಿನ ಒಂದೊಂದು ದಳದಲ್ಲೂ ತೂತು. ಅಂಚೆಲ್ಲ ಕೊರೆದು ಹೋಗಿತ್ತು. ನನ್ನ ಶಿಸ್ತಿನ ಸಿಪಾಯಿಗಳು ಈಗಲೂ ಶಿಸ್ತಿನಿಂದಲೇ ಮೇಯುತ್ತಿದ್ದರು. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಿಮ್ಮ ಸೈನ್ಯಕ್ಕೆ ಹಸಿವು ಜಾಸ್ತಿ ಅಂತ ಕಾಣುತ್ತೆ," ಎಂದಷ್ಟೇ ಹೇಳಿ ಒಂದು ಹುಳವನ್ನು ಬೆರಳಿನಿಂದ ಸಿಡಿಸಿದಳು. ಅದು ನೆಲಕ್ಕೆ ಬಿದ್ದು ಟಕ್ ಅಂದಿತು. ಗಟ್ಟಿ ಚಿಪ್ಪು.

ಗಾಬರಿಯಲ್ಲಿ ಕುರ್ಚಿ ಹತ್ತಿ ಗೋಡೆಯಾಚೆ ಇಣುಕಿದೆ. ನಿಜವಾದ ಸೈನಿಕರಲ್ಲಿ ಕೆಲವರನ್ನಾದರೂ ವಾಪಸ್ಸು ಕರೆತರಬಹುದೇ ಎಂಬ ಆಸೆ. ಅಲ್ಲಿ ಸಾಕ್ಷಾತ್ ಹಲ್ಲು ಡಾಕ್ಟರು! ಅವರ ಗಿಡದಲ್ಲಿ ಹೆಸರಿಗೂ ಒಂದು ಗಿಡಹೇನಿಲ್ಲ. ಗಿಡದ ತುದಿಯಲ್ಲಿ ಒಂದು ಕೆಂಪು ಹೂವು, ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ನನ್ನ ಗಡೀಪಾರಾದ ಸೈನಿಕರು ಜೋಡಿ ಜೋಡಿಯಾಗಿ ಸಂಸಾರ ಹೂಡಿದ್ದರು.

"ಓಹೋ, ನೀವಾ!" ಎಂದು ಡಾಕ್ಟರು ಕಣ್ಣು ಮಿಟುಕಿಸಿದರು. "ಎಲ್ಲ ಗೊತ್ತಾಯ್ತು. ನಾಳೆ ಮಾತಾಡ್ತೀನಿ."

ಎಲ್ಲ ಗೊತ್ತಾಯ್ತು ಅಂದರೆ ಏನು ಗೊತ್ತಾಯ್ತು? ನಾಳೆ ಮಾತಾಡುವುದು ಯಾರ ಹತ್ತಿರ? ಪೊಲೀಸರ ಹತ್ತಿರವೇ? ನನಗೆ ಒಂದೂ ಅರ್ಥವಾಗಲಿಲ್ಲ. ಹಲ್ಲು ಮಾತ್ರ ಎಲ್ಲವೂ ಕಂಡವು.

ಭಾನುವಾರ ಬೆಳಗ್ಗೆ ಹೆಂಡತಿ ಆ ತೂತು ಹೂವನ್ನೇ ಕತ್ತರಿಸಿ ಬಾಟಲಿಗೆ ಇಟ್ಟಳು.

"ಇದನ್ನ ತಗೊಂಡು ಹೋಗ್ತೀಯಾ?" ಎಂದೆ ಅಳುಕುತ್ತ.

"ಇಷ್ಟು ದಿನ ನೀರು ಹಾಕಿದ್ದು ನಾನು. ಹೇಗಿದ್ರೂ ನನ್ನ ಹೂವು," ಎಂದಳು. ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಎಲ್ಲಿಂದ ಶುರು ಮಾಡುವುದು ಗೊತ್ತಾಗದೆ, "ಬಾಟಲಿ ಚೆನ್ನಾಗಿದೆ," ಅಂದೆ.

ಪ್ರದರ್ಶನದ ಹಾಲಿನಲ್ಲಿ ಜನ ನಮ್ಮ ಮೇಜಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. "ಇದು ಹೊಸ ಜಾತಿಯಾ? ಜಾಲರಿ ಡೇಲಿಯಾನಾ?" ಎಂದು ಒಬ್ಬರು ಕೇಳಿದರು. "ಹೌದು, ನಮ್ಮ ಅಳಿಯಂದಿರು ಕಂಡುಹಿಡಿದಿದ್ದು," ಎಂದರು ಅತ್ತೆ. ನಾನು ಕಂಬದ ಹಿಂದೆ ಸರಿದೆ.

ಮೊದಲ ಬಹುಮಾನ ಯಾರಿಗೆ ಎಂದು ನಾನು ಬೇರೆ ಹೇಳಬೇಕೇ? ಡಾಕ್ಟರು ವೇದಿಕೆ ಹತ್ತಿದರು. ಮೈಕು ಹಿಡಿದರು. ಆಮೇಲೆ ಜೇಬಿನಿಂದ ಒಂದು ವಸ್ತು ತೆಗೆದು ಮೇಲೆತ್ತಿ ಹಿಡಿದರು. ಕನ್ನಡಕದ ಡಬ್ಬಿ!

"ಮಹನೀಯರೇ! ಈ ಬಹುಮಾನ ನನ್ನದಲ್ಲ. ನನ್ನ ಗಿಡ ಸಾಯ್ತಾ ಇತ್ತು. ಒಂದು ದಿನ ನೋಡ್ತೀನಿ, ಗಿಡದ ತುಂಬ ಈ ಕೆಂಪು ಹುಳ, ಪಕ್ಕದಲ್ಲಿ ಈ ಡಬ್ಬಿ. ಕ್ಲಿನಿಕ್ಕಿಗೆ ತಗೊಂಡು ಹೋಗಿ ನನ್ನ ಭೂತಗನ್ನಡಿ ಹಾಕ್ಕೊಂಡು ಒಂದರ ಬಾಯಿ ನೋಡಿದೆ. ಆಹಾ, ಎಂಥಾ ದವಡೆ! ಗಿಡಹೇನು ಜಗಿಯೋಕೆ ಅಂತಲೇ ಮಾಡಿಸಿದ ಹಾಗಿದೆ! ವಿಚಾರಿಸಿದ್ರೆ ಸೈನಿಕ ಜೀರುಂಡೆಯಂತೆ. ಯಾರು ಕಳಿಸಿದ್ದು? ಡಬ್ಬಿ ಮೇಲೇ ಹೆಸರಿದೆ! ತಮ್ಮ ಹೆಂಡತಿಯೇ ನನ್ನ ಎದುರು ಸ್ಪರ್ಧೆಯಲ್ಲಿದ್ದರೂ, ಅವರ ಗಿಡದ ಸೈನಿಕರನ್ನ ಆರಿಸಿ ಆರಿಸಿ ನನಗೆ ಕೊಟ್ಟ ಮಹಾತ್ಮ! ಕೊಟ್ಟದ್ದನ್ನ ಹೇಳಿಕೊಳ್ಳಲೂ ಇಲ್ಲ! ಕಂಬದ ಹಿಂದೆ ನಿಂತಿದ್ದಾರೆ ನೋಡಿ, ಎಷ್ಟು ಸಂಕೋಚ!"

ಹಾಲಿಗೆ ಹಾಲೇ ಚಪ್ಪಾಳೆ. ನಾಲ್ಕು ಜನ ನನ್ನನ್ನು ಕಂಬದಿಂದ ಬಿಡಿಸಿ ವೇದಿಕೆಗೆ ನೂಕಿದರು. ನನ್ನ ಎದೆಗೆ 'ಗಿಡಗಳ ಗೆಳೆಯ' ಎಂಬ ಬಿಲ್ಲೆ ಚುಚ್ಚಿದರು. ಮೈಕು ಬಾಯಿಗೆ ಹಿಡಿದರು. ನಾನು ಪೇಚಿಗೆ ಸಿಕ್ಕಿಕೊಂಡೆ. ಹೌದು, ಪ್ರೀತಿಯಿಂದ ಕೊಟ್ಟೆ ಅಂದರೆ ಹೆಂಡತಿಗೆ ದ್ರೋಹ ಬಗೆದವನಾದೆ. ಇಲ್ಲ, ನಿಮ್ಮ ಗಿಡ ಹಾಳು ಮಾಡಲು ಸುರಿದೆ ಅಂದರೆ ಊರಿಗೆ ನೀಚನಾದೆ. ಕೆಳಗೆ ಮೊದಲ ಸಾಲಿನಲ್ಲಿ ಹೆಂಡತಿ. ಅವಳ ಮಡಿಲಲ್ಲಿ ತೂತು ಹೂವಿನ ಬಾಟಲಿ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಗುರುತಿಸಲು ಯಾವ ಗಾಜೂ ಬೇಕಿರಲಿಲ್ಲ.

"ಎಲ್ಲರಿಗೂ... ನಮಸ್ಕಾರ," ಎಂದು ಇಳಿದುಬಿಟ್ಟೆ.

ಮನೆಯ ತನಕ ಅತ್ತೆ ನನ್ನನ್ನು ಒಮ್ಮೆಯೂ ಕುಟುಕಲಿಲ್ಲ ಅಂದ ಮೇಲೆ ಪರಿಸ್ಥಿತಿ ನಿಮಗೆ ತಿಳಿದಿರಬೇಕು. ಬಾಗಿಲು ಹಾಕಿದ ಮೇಲೆ ಹೆಂಡತಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

"ಒಂದು ಮಾತು ಹೇಳಿ. ನನ್ನ ಗಿಡದ ಕಾವಲುಗಾರರನ್ನ ಆರಿಸಿ ಆರಿಸಿ ಅವರಿಗೆ ಕೊಟ್ರಾ?" ಅವಳು ತೂತು ಹೂವಿನತ್ತ ಬೆರಳು ತೋರಿಸಿದಳು. "ಅವರು ಗೆಲ್ಲಲಿ ಅಂತ?"

"ಅಯ್ಯೋ, ಇಲ್ಲ ಕಣೇ!" ನಾನು ಕುರ್ಚಿಯಲ್ಲಿ ಕುಸಿದೆ. "ಸತ್ಯ ಹೇಳಿಬಿಡ್ತೀನಿ. ನಾನು ಅವರಿಗೆ ಸಹಾಯ ಮಾಡೋಕೆ ಹೋಗಿರಲಿಲ್ಲ. ಅವರ ಗಿಡ ನಾಶ ಮಾಡೋಕೆ ಹೋಗಿದ್ದೆ! ಕಳ್ಳ ಹುಳ ಅಂದ್ಕೊಂಡೇ ಸುರಿದೆ. ಫ್ರೇಮಿನ ಹಿಂದಿನ ಕಚ್ಚಿನಲ್ಲಿ ಬೇಕರಿಯವರ ಗಾಜು ಉಳಿದುಬಿಟ್ಟಿತ್ತು. ನೀನು ಗೆಲ್ಲಲಿ ಅಂತ ಮನಸಾರೆ ಕೇಡು ಬಗೆದೆ, ಆಣೆ ಮಾಡಿ ಹೇಳ್ತೀನಿ! ನನಗೆ ಕಣ್ಣು ಕಾಣಲ್ಲ ಕಣೇ!"

ಹೆಂಡತಿ ನನ್ನನ್ನು ನೋಡಿದಳು. ತುಟಿಯ ಅಂಚು ಸಣ್ಣಗೆ ಅದುರಿತು. ಆಮೇಲೆ ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನಗೂ ಸ್ವಲ್ಪ ಧೈರ್ಯ ಬಂತು.

"ಹಾಗಾದ್ರೆ ನನ್ನ ಮೇಲೆ ಸಿಟ್ಟಿಲ್ಲ ತಾನೇ?"

"ಇಲ್ಲ," ಎಂದು ಅವಳು ಕಣ್ಣೊರೆಸಿಕೊಂಡು ನನ್ನ ಎದೆಯ ಬಿಲ್ಲೆಯನ್ನು ನೆಟ್ಟಗೆ ಮಾಡಿದಳು. "ಆದ್ರೆ ನನಗೋಸ್ಕರ ಒಂದು ಕೆಲಸ ಮಾಡಿ. ಮುಂದಿನ ವರ್ಷ, ಹೇಗಾದ್ರೂ ಮಾಡಿ, ನನ್ನ ಗಿಡವನ್ನ ನಾಶ ಮಾಡಲೇಬೇಕು ಅಂತ ಪಣ ತೊಡಿ. ಮೊದಲ ಬಹುಮಾನ ನನಗೇ!"